‘ಪ್ರಿರಿಕ್ವಿಸಿಟ್ ನಾಟ್ ಮೆಟ್’ ಅಂತ ಬಂದರೆ ನನ್ನ ಬಿ.ಎಸ್ಸಿ. ಲೆಕ್ಕಕ್ಕಿಲ್ಲವೇ?

ಪ್ರಶ್ನೆ: ನಾನು ಶಿವಮೊಗ್ಗದವಳು. 2012ರಲ್ಲಿ ಬಿ.ಎಸ್ಸಿ. ಮುಗಿಸಿದೆ. ಕೆಮಿಸ್ಟ್ರಿ, ಬಾಟನಿ, ಜುವಾಲಜಿ ನನ್ನ ವಿಷಯಗಳು, 64 ಪರ್ಸೆಂಟ್ ಬಂದಿತ್ತು. ಮೂರು ವರ್ಷದ ಹಿಂದೆ ಗಂಡನ ಜೊತೆ, ಎಚ್-1ಬಿ ಕೆಲಸದ ವೀಸಾ ಇರುವವರ ಕುಟುಂಬಕ್ಕೆ ಸಿಗುವ ಎಚ್-4 ವೀಸಾದಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಬಂದೆ. ಚಿಕ್ಕ ಮಗನೂ ಈಗ ಸ್ಕೂಲಿಗೆ ಹೋಗುತ್ತಾನೆ. ನರ್ಸಿಂಗ್ ಓದಬೇಕು ಅನ್ನುವುದು ಹಳೇ ಆಸೆ. ಹತ್ತಿರದ ಕಮ್ಯುನಿಟಿ ಕಾಲೇಜಿಗೆ (ಎರಡು ವರ್ಷದ ಸರ್ಕಾರಿ ಕಾಲೇಜು) ಅರ್ಜಿ ಹಾಕಿದೆ, ಸ್ಟೂಡೆಂಟ್ ಐಡಿ ಕೂಡ ಬಂತು. ಆದರೆ ಹ್ಯೂಮನ್ ಫಿಸಿಯಾಲಜಿ ಕ್ಲಾಸಿಗೆ ಸೇರಲು ಹೋದರೆ ಕೆಂಪು ಅಕ್ಷರದಲ್ಲಿ ‘ಪ್ರಿರಿಕ್ವಿಸಿಟ್ ನಾಟ್ ಮೆಟ್’ ಅಂತ ಬಂತು, ಅಂದರೆ ಮುಂಚೆ ಮುಗಿಸಿರಬೇಕಾದ ಕೋರ್ಸು ಮುಗಿಸಿಲ್ಲ ಅಂತ. ಮೂರು ವರ್ಷ ಇದನ್ನೇ ಓದಿದವಳಿಗೆ ಅರ್ಹತೆ ಇಲ್ಲ ಅಂದರೆ ಹೇಗೆ? ಇಂಡಿಯಾ ಡಿಗ್ರಿ ಇಲ್ಲಿ ನಡೆಯಲ್ಲ, ಹೈಸ್ಕೂಲ್ ಗಣಿತದಿಂದ ಶುರು ಮಾಡಬೇಕು ಅಂತ ಒಬ್ಬರು ಹೇಳುತ್ತಾರೆ. ಎಚ್-4ನವರಿಗೆ ಇಂಟರ್‌ನ್ಯಾಷನಲ್ ಫೀಸು ಅಂತ ಇನ್ನೊಬ್ಬರು. ಡಿಗ್ರಿ ಆದವರನ್ನು ತಗೊಳ್ಳೋದೇ ಇಲ್ಲ ಅಂತ ಮತ್ತೊಬ್ಬರು. ಪ್ರಿರಿಕ್ವಿಸಿಟ್ ಇಲ್ಲದೆಯೇ ಕ್ಲಾಸಿಗೆ ಬಿಡಿ ಅಂತ ಕೇಳುವ ‘ಚಾಲೆಂಜ್’ ಅರ್ಜಿ ಹಾಕಿದರೆ ಕಾಲೇಜಿನವರ ಜೊತೆ ಜಗಳ ಕಾದ ಹಾಗೆ ಅಂತಲೂ ಹೆದರಿಸಿದ್ದಾರೆ. ನನಗೀಗ 35. ಓದಿದ್ದನ್ನೇ ಮತ್ತೆ ಓದುತ್ತಾ ಕೂರುವಷ್ಟು ಸಮಯ ಇಲ್ಲ. ದಾರಿ ಯಾವುದು?

— ಒಬ್ಬ ಓದುಗರು, ಫ್ರೀಮಾಂಟ್

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಓದಿದ್ದಕ್ಕೆ ಬೆಲೆಯೇ ಇಲ್ಲವಾ ಅನ್ನುವ ನೋವು ಒಂದು. ಇನ್ನೆಷ್ಟು ವರ್ಷ ಹಿಡಿಯುತ್ತದೆ ಅನ್ನುವ ಲೆಕ್ಕ ಇನ್ನೊಂದು. ಮೊದಲನೆಯದನ್ನು ಈಗಲೇ ಪಕ್ಕಕ್ಕಿಡಬಹುದು. ಆ ಕೆಂಪು ಸಾಲನ್ನು ಬರೆದದ್ದು ಕಂಪ್ಯೂಟರ್. ಫಿಸಿಯಾಲಜಿಗೆ ಮುಂಚೆ ಇಂಥ ನಂಬರಿನ ಅನಾಟಮಿ ಕೋರ್ಸು, ಇಂಥ ನಂಬರಿನ ಕೆಮಿಸ್ಟ್ರಿ ಕೋರ್ಸು ‘ಸಿ’ ಅಥವಾ ಅದಕ್ಕಿಂತ ಮೇಲಿನ ಗ್ರೇಡಿನಲ್ಲಿ ಪಾಸಾಗಿರಬೇಕು ಎಂದು ಅದಕ್ಕೆ ಹೇಳಿಕೊಟ್ಟಿದ್ದಾರೆ. ಅದು ನಿಮ್ಮ ಐಡಿ ಕೆಳಗೆ ಹುಡುಕಿತು, ಏನೂ ಸಿಗಲಿಲ್ಲ. ಅಷ್ಟೇ ಆಗಿದ್ದು. ನಿಮ್ಮ ಮಾರ್ಕ್ಸ್‌ಕಾರ್ಡನ್ನು ಆ ಕಾಲೇಜಿನಲ್ಲಿ ಯಾರೂ ಇನ್ನೂ ಕಣ್ಣಿನಿಂದ ನೋಡಿಲ್ಲ.

ಎರಡನೆಯ ಚಿಂತೆಗೆ ಸ್ವಲ್ಪ ಹೊತ್ತು ಕೂತು ಮಾತಾಡಬೇಕು. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ ಕೌನ್ಸೆಲರ್ ಆಗಿ ಕೂತಿರುವ ನನಗೆ ನಿಮ್ಮಂಥವರು ಪ್ರತಿ ಸೆಮಿಸ್ಟರ್ ಸಿಗುತ್ತಾರೆ. ಊರಿನಲ್ಲಿ ಚೆನ್ನಾಗಿ ಓದಿ, ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ ಮತ್ತೆ ಪುಸ್ತಕ ಹಿಡಿಯಲು ಬಂದವರು. ಅವರಲ್ಲಿ ಹೆಚ್ಚಿನವರು ಒಂದೇ ಪ್ರಶ್ನೆ ಕೇಳುತ್ತಾರೆ: ‘ನನ್ನ ಕೆಮಿಸ್ಟ್ರಿಯನ್ನು ಒಪ್ಪುತ್ತೀರಾ ಇಲ್ಲವಾ?’ ಈ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಯಾಕೆಂದರೆ ನಿಮ್ಮ ಕೆಮಿಸ್ಟ್ರಿಯನ್ನು ಮೂರು ಬೇರೆ ಬೇರೆ ಕಡೆ, ಮೂರು ಬೇರೆ ಕಾರಣಕ್ಕೆ ನೋಡುತ್ತಾರೆ.

ಮುಂದಿನ ಕ್ಲಾಸಿಗೆ ಬಿಡುವುದಕ್ಕೆ ನೋಡುವುದು ಮೊದಲನೆಯದು. ಇಲ್ಲಿ ಕೇಳುವುದು ಒಂದೇ, ಈ ಕ್ಲಾಸಿನಲ್ಲಿ ಕೂತರೆ ಇವರಿಗೆ ಅರ್ಥ ಆಗುತ್ತದಾ ಅಂತ. ಡಿಗ್ರಿಗೆ ಅಥವಾ ನರ್ಸಿಂಗ್ ಸೀಟಿಗೆ ಲೆಕ್ಕ ಹಿಡಿಯಲು ನೋಡುವುದು ಎರಡನೆಯದು. ಇಲ್ಲಿ ಯೂನಿಟ್ (ಅಂದರೆ ಕ್ರೆಡಿಟ್) ಎಷ್ಟು, ಗ್ರೇಡು ಏನು, ಲ್ಯಾಬ್ ಇತ್ತಾ, ಯಾವ ವರ್ಷ ಓದಿದ್ದು, ಎಲ್ಲವೂ ಬೇಕು. ಮುಂದೆ ಬಿ.ಎಸ್.ಎನ್. ಎಂಬ ನರ್ಸಿಂಗ್ ಬ್ಯಾಚುಲರ್ ಡಿಗ್ರಿ ಮಾಡಲು ಯೂನಿವರ್ಸಿಟಿಗೆ ಹೋದರೆ ಅಲ್ಲಿಯವರು ತಮ್ಮದೇ ನಿಯಮದಲ್ಲಿ ನೋಡುವುದು ಮೂರನೆಯದು. ಮೊದಲ ಕಡೆ ‘ಆಯಿತು’ ಅಂದರೆ ಉಳಿದ ಎರಡು ಕಡೆಯೂ ಆಯಿತು ಅಂತ ಅರ್ಥ ಅಲ್ಲ. ಇದೊಂದು ಗೊತ್ತಿಲ್ಲದೆ ಎರಡು ವರ್ಷ ಕಳೆದುಕೊಂಡವರನ್ನು ನೋಡಿದ್ದೇನೆ. ಕೆಮಿಸ್ಟ್ರಿ ಕ್ಲಿಯರ್ ಆಯಿತು ಅಂತ ಖುಷಿಯಾಗಿ ಅನಾಟಮಿ, ಫಿಸಿಯಾಲಜಿ ಎಲ್ಲಾ ಮುಗಿಸುತ್ತಾರೆ. ಕೊನೆಗೆ ನರ್ಸಿಂಗ್ ಅರ್ಜಿ ಹಾಕುವಾಗ, ಇಲ್ಲಿ ಓದಿದ ಕೆಮಿಸ್ಟ್ರಿಯೇ ಬೇಕು ಅನ್ನುವ ಸಾಲು ಕಣ್ಣಿಗೆ ಬೀಳುತ್ತದೆ. ಹಾಗಾಗಿ ನಾನು ಹೇಳುವುದು ಇಷ್ಟು: ಯಾವುದನ್ನು ಕ್ಲಿಯರ್ ಮಾಡಿಸಿಕೊಳ್ಳಬೇಕು, ಯಾವುದನ್ನು ಬೇಕಂತಲೇ ಮತ್ತೆ ಓದಬೇಕು ಅನ್ನುವುದನ್ನು ನರ್ಸಿಂಗ್ ಸೀಟಿನ ಕಡೆಯಿಂದ ಹಿಂದಕ್ಕೆ ಲೆಕ್ಕ ಹಾಕಿ ತೀರ್ಮಾನಿಸಿ.

ಅದಕ್ಕೆ ಮುಂಚೆ ನಿಮ್ಮ ಗೆಳತಿಯರು ಹೇಳಿದ ಮಾತುಗಳನ್ನು ನೋಡೋಣ.

ಹೈಸ್ಕೂಲ್ ಗಣಿತದಿಂದ ಶುರು ಮಾಡಬೇಕು ಅನ್ನುವುದು ಹಳೇ ಕಾಲದ ಮಾತು. ಮುಂಚೆ ಪ್ಲೇಸ್‌ಮೆಂಟ್ ಟೆಸ್ಟ್ ಇರುತ್ತಿತ್ತು. ಅದರಲ್ಲಿ ಎಡವಿದವರು ಮೂರು ನಾಲ್ಕು ಹಂತ ಕೆಳಗಿನಿಂದ ಹತ್ತಿ ಬರಬೇಕಿತ್ತು. ಎಷ್ಟೋ ಜನ ಅಲ್ಲೇ ಬೇಸತ್ತು ಬಿಟ್ಟು ಹೋಗುತ್ತಿದ್ದರು. 2017ರಲ್ಲಿ ಎಬಿ 705 ಎಂಬ ಕಾನೂನು ಬಂತು. 2019ರ ಫಾಲ್ (ಆಗಸ್ಟ್ ಹೊತ್ತಿಗೆ ಶುರುವಾಗುವ ಸೆಮಿಸ್ಟರ್) ಹೊತ್ತಿಗೆ ಎಲ್ಲಾ ಕಾಲೇಜುಗಳೂ ಅದನ್ನು ಪೂರ್ತಿ ಜಾರಿ ಮಾಡಬೇಕಾಯಿತು. ಈಗ ಇಂಗ್ಲಿಷ್, ಗಣಿತ ಎರಡಕ್ಕೂ ಯೂನಿವರ್ಸಿಟಿ ಮಟ್ಟದ ಕೋರ್ಸಿಗೆ ನೇರವಾಗಿ ಸೇರಬಹುದು. ಅಮೆರಿಕದ ಹೈಸ್ಕೂಲ್ ದಾಖಲೆ ಇಲ್ಲದವರಿಗೆ ಕೆಲವು ಪ್ರಶ್ನೆಗಳನ್ನು ಕೊಟ್ಟು, ನಿಮಗೆ ಯಾವುದು ಸರಿ ಅಂತ ನೀವೇ ಆರಿಸಿಕೊಳ್ಳುವ ವ್ಯವಸ್ಥೆ ಇದೆ. ಬೇಕಿದ್ದವರಿಗೆ ಅದೇ ಸೆಮಿಸ್ಟರಿನಲ್ಲಿ ಜೊತೆಗೊಂದು ಸಪೋರ್ಟ್ ಕ್ಲಾಸು ಸಿಗುತ್ತದೆ.

ಇಂಟರ್‌ನ್ಯಾಷನಲ್ ಫೀಸಿನ ಮಾತು ಅರ್ಧ ಸತ್ಯ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಬಂದವರಿಗೆ ಅದು ಹೌದು. ಎಚ್-4ನವರು ಕ್ಯಾಲಿಫೋರ್ನಿಯಾದಲ್ಲಿ ನೆಲೆಸುವ ಉದ್ದೇಶದಿಂದ ಒಂದು ವರ್ಷ ಒಂದು ದಿನ ಇದ್ದು, ಅದಕ್ಕೆ ದಾಖಲೆ ತೋರಿಸಿದರೆ ರೆಸಿಡೆಂಟ್ ಫೀಸಿಗೆ ಅರ್ಹರು. ನೀವು ಬಂದು ಮೂರು ವರ್ಷ ಆಗಿದೆ. ರೆಸಿಡೆಂಟ್‌ಗೆ ಸೆಮಿಸ್ಟರ್ ಯೂನಿಟ್‌ಗೆ 46 ಡಾಲರ್. ಐದು ಯೂನಿಟ್ಟಿನ ಫಿಸಿಯಾಲಜಿಗೆ 230 ಡಾಲರ್. ರೆಸಿಡೆಂಟ್ ಅಲ್ಲದವರು ಯೂನಿಟ್‌ಗೆ 300 ಡಾಲರಿಗೂ ಜಾಸ್ತಿ ಕಟ್ಟುತ್ತಾರೆ. ವ್ಯತ್ಯಾಸ ಎಷ್ಟು ದೊಡ್ಡದು ನೋಡಿ. ಆದ್ದರಿಂದ ನಿಮ್ಮ ಅಕೌಂಟಿನಲ್ಲಿ ನಿಮ್ಮನ್ನು ‘ನಾನ್-ರೆಸಿಡೆಂಟ್’ ಅಂತ ಹಾಕಿದ್ದಾರಾ ಅಂತ ಇವತ್ತೇ ನೋಡಿ. ಹಾಕಿದ್ದರೆ ಅಡ್ಮಿಷನ್ಸ್ ಆಫೀಸಿಗೆ ರೆಸಿಡೆನ್ಸಿ ಫಾರ್ಮ್ ಕೊಡಿ. ನಮ್ಮ ಹೆಣ್ಣುಮಕ್ಕಳಿಗೆ ಇಲ್ಲಿ ಒಂದು ತೊಂದರೆ ಬರುತ್ತದೆ. ಮನೆ ಬಾಡಿಗೆ ಕರಾರು, ಕರೆಂಟ್ ಬಿಲ್ಲು, ಎಲ್ಲಾ ಗಂಡನ ಹೆಸರಲ್ಲೇ ಇರುತ್ತದೆ. ನಿಮ್ಮ ಹೆಸರಿರುವ ಜಾಯಿಂಟ್ ಟ್ಯಾಕ್ಸ್ ರಿಟರ್ನ್, ಕ್ಯಾಲಿಫೋರ್ನಿಯಾ ಡ್ರೈವಿಂಗ್ ಲೈಸೆನ್ಸ್, ಬ್ಯಾಂಕ್ ಸ್ಟೇಟ್‌ಮೆಂಟ್ ಹುಡುಕಿಟ್ಟುಕೊಳ್ಳಿ.

ಡಿಗ್ರಿ ಆದವರನ್ನು ತಗೊಳ್ಳಲ್ಲ ಅನ್ನುವುದು ಪೂರ್ತಿ ಸುಳ್ಳು. ರಾಜ್ಯದ 116 ಕಮ್ಯುನಿಟಿ ಕಾಲೇಜುಗಳ ಬಾಗಿಲು ಹದಿನೆಂಟು ತುಂಬಿದ, ಓದಿನಿಂದ ಪ್ರಯೋಜನ ಪಡೆಯಬಲ್ಲ ಯಾರಿಗೂ ತೆರೆದಿದೆ. ಎಂಜಿನಿಯರಿಂಗ್ ಮಾಡಿದವರು, ಎಂ.ಎ. ಮಾಡಿದವರು ನಮ್ಮ ಕ್ಲಾಸುಗಳಲ್ಲಿ ಧಾರಾಳವಾಗಿ ಇದ್ದಾರೆ. ಹಾಗಂತ ಕಾಲೇಜಿಗೆ ಸೇರಿದ್ದೀರಿ ಅಂದರೆ ನರ್ಸಿಂಗ್‌ಗೆ ಸೇರಿದ್ದೀರಿ ಅಂತಲ್ಲ. ನರ್ಸಿಂಗ್‌ಗೆ ಬೇರೆ ಅರ್ಜಿ, ಬೇರೆ ಸ್ಪರ್ಧೆ, ಬೆರಳೆಣಿಕೆಯ ಸೀಟು.

ಇನ್ನು ಚಾಲೆಂಜ್ ವಿಷಯ. ಅದು ಜಗಳ ಅಲ್ಲ. ಅದು ಕ್ಯಾಲಿಫೋರ್ನಿಯಾದ ಶಿಕ್ಷಣ ನಿಯಮಾವಳಿಯಲ್ಲೇ ನಿಮಗೆ ಕೊಟ್ಟಿರುವ ಹಕ್ಕು. ನನಗೆ ಈ ವಿಷಯ ಈಗಾಗಲೇ ಗೊತ್ತು ಅಂತ ಆಧಾರ ತೋರಿಸಿ ಹಾಕಬಹುದು. ಬೇಕಾದ ಕೋರ್ಸನ್ನು ಕಾಲೇಜು ಸಕಾಲಕ್ಕೆ ಕೊಡುತ್ತಿಲ್ಲ, ಅದರಿಂದ ನನ್ನ ಓದು ನಿಂತಿದೆ ಅಂತಲೂ ಹಾಕಬಹುದು. ಕಾಲೇಜು ಐದು ಕೆಲಸದ ದಿನಗಳಲ್ಲಿ ಉತ್ತರ ಹೇಳಬೇಕು. ಅರ್ಜಿ ಹಾಕಿದಾಗ ಕ್ಲಾಸಿನಲ್ಲಿ ಜಾಗ ಇದ್ದರೆ ತೀರ್ಮಾನ ಆಗುವ ತನಕ ಸೀಟನ್ನೂ ಉಳಿಸಿಕೊಡಬೇಕು. ಇದನ್ನು ನೋಡುವ ಅಧ್ಯಾಪಕರಿಗೆ ಇದು ದಿನದ ಕೆಲಸ. ಯಾರೂ ಸಿಟ್ಟಾಗುವುದಿಲ್ಲ. ಆದರೆ ಚಾಲೆಂಜ್ ಗೆದ್ದರೆ ಸಿಗುವುದು ಮುಂದಿನ ಕ್ಲಾಸಿಗೆ ಪ್ರವೇಶ ಮಾತ್ರ. ಯೂನಿಟ್ ಸಿಗುವುದಿಲ್ಲ, ಗ್ರೇಡು ಸಿಗುವುದಿಲ್ಲ. ನರ್ಸಿಂಗ್ ಅರ್ಜಿಯಲ್ಲಿ ಆ ಜಾಗ ಖಾಲಿಯೇ ಇರುತ್ತದೆ.

ಈಗ ನಿಮ್ಮ ಮಾರ್ಕ್ಸ್‌ಕಾರ್ಡನ್ನು ಒಮ್ಮೆ ಇಲ್ಲಿಯವರ ಕಣ್ಣಿನಿಂದ ನೋಡಿ. ನಮ್ಮ ಕಡೆಯ ಮಾರ್ಕ್ಸ್‌ಕಾರ್ಡಿನಲ್ಲಿ ‘ಕೆಮಿಸ್ಟ್ರಿ ಪೇಪರ್ 3’, ‘ಜುವಾಲಜಿ ಪ್ರಾಕ್ಟಿಕಲ್ 2’ ಅಂತ ಇರುತ್ತದೆ. ಪಕ್ಕದಲ್ಲಿ ಗರಿಷ್ಠ ಅಂಕ, ಪಡೆದ ಅಂಕ. ಅಷ್ಟೇ. ಆ ಪೇಪರ್ 3ರಲ್ಲಿ ಆರ್ಗ್ಯಾನಿಕ್ ಇತ್ತೋ, ಫಿಸಿಕಲ್ ಇತ್ತೋ, ವಾರಕ್ಕೆ ಎಷ್ಟು ಗಂಟೆ ಪಾಠ, ಎಷ್ಟು ಗಂಟೆ ಲ್ಯಾಬು, ಒಂದೂ ಗೊತ್ತಾಗುವುದಿಲ್ಲ. ಇಲ್ಲಿ ಅದನ್ನು ನೋಡುವವರು ‘ಜನರಲ್ ಕೆಮಿಸ್ಟ್ರಿ, ಲ್ಯಾಬ್ ಸಮೇತ’ ಅನ್ನುವ ಪದಗಳನ್ನು ಹುಡುಕುತ್ತಾರೆ. ಸಿಗದಿದ್ದರೆ ‘ಹೊಂದಿಕೆಯಾಗುವ ಕೋರ್ಸ್ ಇಲ್ಲ’ ಅಂತ ಬರೆದು ಫೈಲು ಮುಚ್ಚುತ್ತಾರೆ. ಅವರದ್ದೂ ತಪ್ಪಲ್ಲ, ಅವರ ಕೈಯಲ್ಲಿ ಇರುವುದು ಅಷ್ಟೇ ಕಾಗದ.

ಹಾಗಾಗಿ ಊರಿನಲ್ಲಿ ಇರುವ ಯಾರಿಗಾದರೂ ಹೇಳಿ, ನೀವು ಓದಿದ ವರ್ಷಗಳ ಸಿಲಬಸ್ ಪುಸ್ತಕ ಹುಡುಕಿಸಿ. ಹಳೇ ಕಾಲೇಜಿನ ಲೈಬ್ರರಿಯಲ್ಲೋ, ಕೆಮಿಸ್ಟ್ರಿ ಡಿಪಾರ್ಟ್‌ಮೆಂಟಿನ ಬೀರುವಿನಲ್ಲೋ ಒಂದು ಪ್ರತಿ ಇದ್ದೇ ಇರುತ್ತದೆ. ಆ ಪುಟಗಳನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿ ಕಳಿಸಿದರೂ ಮೊದಲ ಮಾತುಕತೆಗೆ ಸಾಕು. ಆಮೇಲೆ ಒಂದು ಹಾಳೆ ತಗೊಳ್ಳಿ. ಎಡಗಡೆ ನಿಮ್ಮ ಪೇಪರಿನ ಹೆಸರು ಬರೆಯಿರಿ. ಮಧ್ಯೆ ಅದರಲ್ಲಿ ಬಂದ ಪಾಠಗಳು, ಪಾಠದ ಗಂಟೆ, ಲ್ಯಾಬಿನ ಗಂಟೆ. ಬಲಗಡೆ ಇಲ್ಲಿಯ ಕ್ಯಾಟಲಾಗಿನಲ್ಲಿ ಅದಕ್ಕೆ ಹತ್ತಿರದ ಕೋರ್ಸು. ಈ ಒಂದು ಹಾಳೆ ಹಿಡಿದು ಬಂದವರ ಫೈಲು ಎಷ್ಟು ಬೇಗ ಮುಂದೆ ಹೋಗುತ್ತದೆ ಅನ್ನುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಹಾಗೆ ಕೂತು ಹೋಲಿಸಿದಾಗ ನಿಮಗೇ ಗೊತ್ತಾಗುತ್ತದೆ. ನಿಮ್ಮ ಕೆಮಿಸ್ಟ್ರಿ ಗಟ್ಟಿ. ಫಿಸಿಯಾಲಜಿಗೆ ಕೇಳುವ ಇಂಟ್ರೊಡಕ್ಟರಿ ಕೆಮಿಸ್ಟ್ರಿಗಿಂತ ನೀವು ಎಷ್ಟೋ ಜಾಸ್ತಿ ಓದಿದ್ದೀರಿ. ಅದು ಕ್ಲಿಯರ್ ಆಗುವ ಸಾಧ್ಯತೆ ಒಳ್ಳೆಯದಿದೆ. ಜುವಾಲಜಿ ಕಥೆ ಬೇರೆ. ಅದರಲ್ಲಿ ನೀವು ಓದಿದ್ದು ಪ್ರಾಣಿ ಪ್ರಪಂಚ ಪೂರ್ತಿ, ಅಕಶೇರುಕಗಳಿಂದ ಹಿಡಿದು ಸಸ್ತನಿಗಳ ತನಕ. ಇಲ್ಲಿಯ ಹ್ಯೂಮನ್ ಅನಾಟಮಿ ಅಂದರೆ ಮನುಷ್ಯನ ದೇಹ ಒಂದೇ, ಮೂಳೆ ಮೂಳೆಯಾಗಿ, ಸ್ನಾಯು ಸ್ನಾಯುವಾಗಿ. ಲ್ಯಾಬ್ ಪರೀಕ್ಷೆಯಲ್ಲಿ ಮೇಜಿನಿಂದ ಮೇಜಿಗೆ ಹೋಗಬೇಕು. ಒಂದು ತೊಡೆಮೂಳೆ ಇಟ್ಟು, ಅದರ ಮೇಲಿನ ಒಂದು ಉಬ್ಬಿಗೆ ಚೀಟಿ ಅಂಟಿಸಿರುತ್ತಾರೆ. ಅದು ಏನು, ಎಡಗಾಲಿನದೋ ಬಲಗಾಲಿನದೋ, ಸ್ಪೆಲ್ಲಿಂಗ್ ಸಮೇತ ಬರೆಯಬೇಕು, ಅದೂ ಸ್ವಲ್ಪವೇ ಹೊತ್ತಿನಲ್ಲಿ. ಬಿ.ಎಸ್ಸಿ. ಜುವಾಲಜಿ ಇದಕ್ಕೆ ಬದಲಿ ಅಂತ ಯಾರೂ ಒಪ್ಪುವುದಿಲ್ಲ. ಒಪ್ಪಬಾರದು ಕೂಡ. ನಾಳೆ ರೋಗಿಯ ಸೊಂಟಕ್ಕೆ ಇಂಜೆಕ್ಷನ್ ಕೊಡುವವರಿಗೆ ನರ ಎಲ್ಲಿ ಹಾದುಹೋಗುತ್ತದೆ ಅನ್ನುವುದು ಖಚಿತವಾಗಿ ಗೊತ್ತಿರಬೇಕು, ಅಲ್ವಾ?

64 ಪರ್ಸೆಂಟ್ ಅಂತ ಸ್ವಲ್ಪ ಹಿಂಜರಿಕೆಯಿಂದ ಬರೆದ ಹಾಗಿದೆ. ಹಿಂಜರಿಯಬೇಡಿ. ಇಲ್ಲಿ 64 ಅಂದರೆ ‘ಡಿ’ ಗ್ರೇಡು ನಿಜ. ಆದರೆ ಭಾರತದ ಯೂನಿವರ್ಸಿಟಿ ಅಂಕಗಳನ್ನು ಬದಲಾಯಿಸುವ ಸಂಸ್ಥೆಗಳಿಗೆ ನಮ್ಮ ಅಂಕ ಕೊಡುವ ರೀತಿ ಗೊತ್ತಿದೆ. 60ರ ಮೇಲಿನದು ಸಾಮಾನ್ಯವಾಗಿ ‘ಎ’ ಆಗುತ್ತದೆ. ಆ ಕಾರಣಕ್ಕೇ ಮಾರ್ಕ್ಸ್‌ಕಾರ್ಡನ್ನು ನೇರವಾಗಿ ಕಾಲೇಜಿಗೆ ಕೊಡದೆ, ಎನ್‌ಎಸಿಇಎಸ್ ಎಂಬ ಒಕ್ಕೂಟದ ಸದಸ್ಯ ಸಂಸ್ಥೆಯೊಂದರಿಂದ ಮೌಲ್ಯಮಾಪನ ಮಾಡಿಸಬೇಕು. ಡಬ್ಲ್ಯುಇಎಸ್ ಅಂತಹ ಒಂದು ಸಂಸ್ಥೆ. ಅರ್ಜಿ ಹಾಕುವಾಗ ‘ಕೋರ್ಸ್-ಬೈ-ಕೋರ್ಸ್’ ವರದಿಯನ್ನೇ ಆರಿಸಿ. ಕಡಿಮೆ ದುಡ್ಡಿನ ಸಾದಾ ವರದಿಯಲ್ಲಿ ನಿಮಗೆ ಡಿಗ್ರಿ ಇದೆ ಅಂತ ಮಾತ್ರ ಇರುತ್ತದೆ. ಪ್ರಿರಿಕ್ವಿಸಿಟ್ ಕ್ಲಿಯರ್ ಮಾಡಲು ಅದು ಉಪಯೋಗಕ್ಕೆ ಬರುವುದಿಲ್ಲ. ಯಾವ ಸಂಸ್ಥೆಯ ವರದಿಯನ್ನು ತಮ್ಮ ಕಾಲೇಜು ಒಪ್ಪುತ್ತದೆ ಅಂತ ಕೇಳಿಕೊಂಡೇ ದುಡ್ಡು ಕಟ್ಟಿ. ಯೂನಿವರ್ಸಿಟಿಯಿಂದ ಟ್ರಾನ್ಸ್‌ಕ್ರಿಪ್ಟ್ ತರಿಸುವುದಕ್ಕೇ ತಿಂಗಳುಗಳು ಹಿಡಿಯಬಹುದು. ಆದ್ದರಿಂದ ಆ ಕೆಲಸವನ್ನು ಎಲ್ಲಕ್ಕಿಂತ ಮುಂಚೆ ಶುರು ಮಾಡಿ. ಪಿ.ಯು.ಸಿ. ಅಂಕಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಇಲ್ಲಿ ಅದು ಹೈಸ್ಕೂಲಿನ ಲೆಕ್ಕ, ಯೂನಿಟ್ ಸಿಗುವುದಿಲ್ಲ.

ಹಾಗಾದರೆ ನಿಮ್ಮ ಮುಂದಿರುವ ದಾರಿಗಳು ಯಾವುವು?

ಎಲ್ಲವನ್ನೂ ಇಲ್ಲೇ ಹೊಸದಾಗಿ ಓದುವುದು ಒಂದು. ಇಂಟ್ರೊಡಕ್ಟರಿ ಕೆಮಿಸ್ಟ್ರಿ, ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ, ಇಂಗ್ಲಿಷ್. ಹೆಚ್ಚಿನ ಕಾಲೇಜುಗಳಲ್ಲಿ ಇವು ಒಂದರ ಹಿಂದೆ ಒಂದು ಬರುತ್ತವೆ. ಕೆಮಿಸ್ಟ್ರಿ ಮುಗಿಯದೆ ಮೈಕ್ರೋಬಯಾಲಜಿ ಇಲ್ಲ, ಅನಾಟಮಿ ಮುಗಿಯದೆ ಫಿಸಿಯಾಲಜಿ ಇಲ್ಲ. ಸೆಮಿಸ್ಟರ್ ಪದ್ಧತಿಯಲ್ಲಿ ಇದಕ್ಕೆ ಸುಮಾರು ಎರಡು ವರ್ಷ. ಅದರಲ್ಲಿ ಒಂದು ಸೆಮಿಸ್ಟರ್ ನಿಮಗೆ ಗೊತ್ತಿರುವ ಕೆಮಿಸ್ಟ್ರಿಗೇ ಹೋಗುತ್ತದೆ ಅನ್ನುವುದು ನಷ್ಟ. ಆದರೆ ಇದರಲ್ಲಿ ಅನುಮಾನಕ್ಕೆ ಜಾಗ ಇಲ್ಲ. ಯಾವ ನರ್ಸಿಂಗ್ ಪ್ರೋಗ್ರಾಮೂ ಈ ಕೋರ್ಸುಗಳನ್ನು ವಿದೇಶದ್ದು ಅಂತ ತಳ್ಳಿಹಾಕುವುದಿಲ್ಲ. ಇಲ್ಲಿಯ ಟೆಕ್ಸ್ಟ್‌ಬುಕ್, ಇಲ್ಲಿಯ ಪರೀಕ್ಷೆ, ಇಲ್ಲಿಯ ಉಚ್ಚಾರಣೆ, ಎಲ್ಲಕ್ಕೂ ಗೊತ್ತಿರುವ ವಿಷಯದ ಮೂಲಕವೇ ಹೊಂದಿಕೊಳ್ಳುತ್ತೀರಿ. ಹದಿಮೂರು ಹದಿನಾಲ್ಕು ವರ್ಷದ ನಂತರ ಮತ್ತೆ ಕ್ಲಾಸಿನಲ್ಲಿ ಕೂರುವವರಿಗೆ ಇದು ಸಣ್ಣ ಲಾಭ ಅಲ್ಲ.

ಕೆಮಿಸ್ಟ್ರಿಯನ್ನು ಮೌಲ್ಯಮಾಪನದ ಮೂಲಕ ಕ್ಲಿಯರ್ ಮಾಡಿಸಿ, ಸೀದಾ ಅನಾಟಮಿಯಿಂದ ಶುರು ಮಾಡುವುದು ಇನ್ನೊಂದು. ಒಂದು ಸೆಮಿಸ್ಟರ್ ಉಳಿಯುತ್ತದೆ. ಅಪಾಯ ಇರುವುದು ‘ರೀಸೆನ್ಸಿ’ ನಿಯಮದಲ್ಲಿ. ಕೆಲವು ನರ್ಸಿಂಗ್ ಪ್ರೋಗ್ರಾಮುಗಳು ಸೈನ್ಸ್ ಕೋರ್ಸುಗಳು ಕಳೆದ ಐದು ಅಥವಾ ಏಳು ವರ್ಷದ ಒಳಗಿನದೇ ಆಗಿರಬೇಕು ಅನ್ನುತ್ತವೆ. ಕೆಲವು ಅಂಥ ಮಿತಿ ಇಟ್ಟಿಲ್ಲ. ನಿಮ್ಮ ಡಿಗ್ರಿ 2012ರದ್ದು. ಮಿತಿ ಇರುವ ಕಡೆ ಅದು ದಾಟಿಹೋಗಿದೆ. ಇನ್ನು ಕೆಲವು ಕಡೆ ಕೆಮಿಸ್ಟ್ರಿ ಬರೀ ಮೆಟ್ಟಿಲು ಅಷ್ಟೇ, ನರ್ಸಿಂಗ್ ಅರ್ಜಿಯಲ್ಲಿ ಅದನ್ನು ಕೇಳುವುದೇ ಇಲ್ಲ. ಅಂಥಲ್ಲಿ ನಿಮಗೆ ಈ ದಾರಿ ಬಹಳ ಒಳ್ಳೆಯದು.

ನಿಮ್ಮ ಸುತ್ತಮುತ್ತಲೇ ಓಹ್ಲೋನಿ, ಚಾಬೋ, ಡಿ ಆಂಜಾ, ಎವರ್‌ಗ್ರೀನ್ ವ್ಯಾಲಿ ಕಾಲೇಜುಗಳಲ್ಲಿ ಆರ್.ಎನ್. (ರಿಜಿಸ್ಟರ್ಡ್ ನರ್ಸ್) ಆಗುವ ಎರಡು ವರ್ಷದ ನರ್ಸಿಂಗ್ ಇದೆ. ನಾಲ್ಕರದ್ದೂ ಅರ್ಜಿಯ ಮಾಹಿತಿ ಪುಟ ತೆಗೆದು ಅಕ್ಕಪಕ್ಕ ಇಟ್ಟು ಓದಿ. ಕೆಮಿಸ್ಟ್ರಿ ಕೇಳುತ್ತಾರಾ, ರೀಸೆನ್ಸಿ ಎಷ್ಟು, ವಿದೇಶದ ಕೋರ್ಸು ಒಪ್ಪುತ್ತಾರಾ, ಟೀಸ್ ಎಂಬ ನರ್ಸಿಂಗ್ ಪ್ರವೇಶ ಪರೀಕ್ಷೆ ಯಾವಾಗ ಬರೆಯಬೇಕು, ಸೀಟು ಹಂಚುವುದು ಅಂಕದ ಮೇಲೋ ಲಾಟರಿಯ ಮೇಲೋ ಅಂತ ಬರೆದಿಟ್ಟುಕೊಳ್ಳಿ. ಮೌಲ್ಯಮಾಪನಕ್ಕೆ ದುಡ್ಡು ಕಟ್ಟುವ ಮುಂಚೆ ಈ ಕೆಲಸ ಆಗಬೇಕು. ಡಿ ಆಂಜಾ ಕ್ವಾರ್ಟರ್ ಪದ್ಧತಿಯ ಕಾಲೇಜು, ಸುಮಾರು 12 ವಾರಕ್ಕೆ ಒಂದು ಕ್ವಾರ್ಟರ್. ಉಳಿದವು ಸೆಮಿಸ್ಟರ್. ಅರ್ಧ ಇಲ್ಲಿ ಅರ್ಧ ಅಲ್ಲಿ ಓದುವುದಾದರೆ ಯೂನಿಟ್ ಲೆಕ್ಕ ಬೇರೆಯಾಗುತ್ತದೆ: ಮೂರು ಕ್ವಾರ್ಟರ್ ಯೂನಿಟ್ ಅಂದರೆ ಎರಡು ಸೆಮಿಸ್ಟರ್ ಯೂನಿಟ್. ಸಾಲು ಸಾಲಾಗಿ ಬರುವ ಕೋರ್ಸುಗಳನ್ನು ಒಂದೇ ಕಾಲೇಜಿನಲ್ಲಿ ಮುಗಿಸುವುದು ವಾಸಿ.

ಮೂರನೆಯ ದಾರಿ ನೀವು ಕೇಳಿಲ್ಲ, ಆದರೂ ಹೇಳಬೇಕು ಅನ್ನಿಸುತ್ತದೆ. ಕೆಮಿಸ್ಟ್ರಿ, ಬಯಾಲಜಿ ಓದಿದವರಿಗೆ ಕ್ಲಿನಿಕಲ್ ಲ್ಯಾಬ್ ಸೈಂಟಿಸ್ಟ್ ಅನ್ನುವ ಕೆಲಸವೂ ಇದೆ. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ, ಸ್ಯಾಂಪಲ್ಲುಗಳನ್ನು ಪರೀಕ್ಷೆ ಮಾಡುವವರು. ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ಬ್ಯಾಚುಲರ್ ಡಿಗ್ರಿ ಬೇಕು. ಜೊತೆಗೆ ಕೆಮಿಸ್ಟ್ರಿ 16, ಬಯಾಲಜಿ 18, ಫಿಸಿಕ್ಸ್ 3 ಸೆಮಿಸ್ಟರ್ ಯೂನಿಟ್ ಬೇಕು, ಅದರಲ್ಲಿ ಹೆಮಟಾಲಜಿ, ಇಮ್ಯುನಾಲಜಿ, ಮೆಡಿಕಲ್ ಮೈಕ್ರೋಬಯಾಲಜಿ ಇರಲೇಬೇಕು. ಆಮೇಲೆ ಒಂದು ವರ್ಷದ ತರಬೇತಿ. ನಿಮ್ಮ ಬಿ.ಎಸ್ಸಿ. ಅಲ್ಲಿ ತಳಪಾಯವೇ ಆಗಬಹುದು. ತೊಡಕು ಎಲ್ಲಿದೆ ಅಂದರೆ, ನಮ್ಮ ಮೂರು ವರ್ಷದ ಡಿಗ್ರಿಯನ್ನು ಎಲ್ಲಾ ಮೌಲ್ಯಮಾಪನ ಸಂಸ್ಥೆಗಳೂ ಇಲ್ಲಿಯ ನಾಲ್ಕು ವರ್ಷದ ಡಿಗ್ರಿಗೆ ಸಮ ಅನ್ನುವುದಿಲ್ಲ. ತರಬೇತಿಯ ಸೀಟುಗಳೂ ಬಹಳ ಕಡಿಮೆ. ರೋಗಿಗಳ ಜೊತೆ ಇರಬೇಕು ಅನ್ನುವುದೇ ನಿಮ್ಮ ಆಸೆಯಾದರೆ ಇದು ನಿಮಗಲ್ಲ. ಆಸ್ಪತ್ರೆಯಲ್ಲಿ ಕೆಲಸ ಬೇಕು, ವಿಜ್ಞಾನ ಇಷ್ಟ ಅನ್ನುವುದಾದರೆ ಒಮ್ಮೆ ವಿಚಾರಿಸಿ.

ನನ್ನನ್ನು ಕೇಳಿದರೆ, ನರ್ಸಿಂಗೇ ಅನ್ನುವುದಾದರೆ, ಮೊದಲ ಸೆಮಿಸ್ಟರಿನಲ್ಲಿ ಇಂಗ್ಲಿಷ್ ಮತ್ತು ಅನಾಟಮಿ ತಗೊಳ್ಳಿ. ಬೇಕಾದ ಕಡೆ ಮಾತ್ರ ಕೆಮಿಸ್ಟ್ರಿ. ಇಂಗ್ಲಿಷ್ ಯಾಕೆ ಅಂದರೆ, ವಿದೇಶದಲ್ಲಿ ಓದಿದ ಇಂಗ್ಲಿಷನ್ನು ಇಲ್ಲಿಯ ಕಾಂಪೊಸಿಷನ್ ಕೋರ್ಸಿಗೆ ಬದಲಿಯಾಗಿ ಒಪ್ಪುವುದು ಬಹಳ ಅಪರೂಪ. ಹೇಗಿದ್ದರೂ ಓದಲೇಬೇಕು. 2025ರ ಫಾಲ್‌ನಿಂದ ಎಲ್ಲಾ ಕಾಲೇಜುಗಳಲ್ಲೂ ಒಂದೇ ನಂಬರ್ ತರುವ ಕೆಲಸ ಶುರುವಾಗಿದೆ. ಹಾಗಾಗಿ ಆ ಕೋರ್ಸು ಕ್ಯಾಟಲಾಗಿನಲ್ಲಿ ‘ಇಂಗ್ಲಿಷ್ ಸಿ1000’ ಅಂತ ಸಿಗುತ್ತದೆ. ಕನ್ನಡ ಮೀಡಿಯಂನಲ್ಲಿ ಓದಿದವರು ಇದಕ್ಕೆ ಹೆದರುತ್ತಾರೆ. ವ್ಯಾಕರಣದ ಭಯ ಅದು. ನಿಜವಾಗಿ ಕಷ್ಟ ಆಗುವುದು ವ್ಯಾಕರಣ ಅಲ್ಲ. ಲೇಖಕರು ಹೇಳಿದ್ದನ್ನು ಒಪ್ಪದೆ, ‘ನನಗೆ ಹೀಗನ್ನಿಸುತ್ತದೆ, ಕಾರಣ ಇದು’ ಅಂತ ಬರೆಯುವ ಅಭ್ಯಾಸ ನಮಗಿಲ್ಲದಿರುವುದು. ಜೊತೆಗಿನ ಸಪೋರ್ಟ್ ಕ್ಲಾಸು ತಗೊಳ್ಳಿ, ಕಾಲೇಜಿನ ರೈಟಿಂಗ್ ಸೆಂಟರಿಗೆ ಹೋಗಿ ಕೂರಿ. ಅದು ಉಚಿತ.

ಕ್ಯಾಟಲಾಗು ಓದುವಾಗ ಒಂದು ಎಚ್ಚರ. ಕೋರ್ಸಿನ ಹೆಸರಿನ ಕೆಳಗೆ ಮೂರು ಥರದ ಸಾಲು ಇರಬಹುದು. ‘ಪ್ರಿರಿಕ್ವಿಸಿಟ್’ ಅಂದರೆ ಮುಂಚೆಯೇ ಮುಗಿಸಿರಬೇಕು. ‘ಕೋರಿಕ್ವಿಸಿಟ್’ ಅಂದರೆ ಜೊತೆಜೊತೆಗೆ ಓದಬೇಕು. ‘ಅಡ್ವೈಸರಿ’ ಅಂದರೆ ಓದಿದ್ದರೆ ಒಳ್ಳೆಯದು, ಓದದಿದ್ದರೂ ಯಾರೂ ತಡೆಯುವುದಿಲ್ಲ. ಅಡ್ವೈಸರಿಯನ್ನು ಕಡ್ಡಾಯ ಅಂದುಕೊಂಡು ಸುಮ್ನೆ ಒಂದು ಸೆಮಿಸ್ಟರ್ ಕಳೆದವರಿದ್ದಾರೆ.

ಎಷ್ಟು ಕ್ಲಾಸು ತಗೊಳ್ಳಬೇಕು ಅನ್ನುವುದರಲ್ಲಿ ಬಹಳ ಜನ ಎಡವುತ್ತಾರೆ. ಒಂದು ಸೆಮಿಸ್ಟರ್ ಯೂನಿಟ್ ಅಂದರೆ ಪಾಠ, ಲ್ಯಾಬ್, ಮನೆಯ ಓದು ಎಲ್ಲಾ ಸೇರಿ ಕನಿಷ್ಠ 48 ಗಂಟೆ. ಐದು ಯೂನಿಟ್ಟಿನ ಅನಾಟಮಿ ಅಂದರೆ 240 ಗಂಟೆ. 16 ವಾರಕ್ಕೆ ಹಂಚಿದರೆ ವಾರಕ್ಕೆ 15 ಗಂಟೆ. ಅದರ ಜೊತೆ ಇಂಗ್ಲಿಷ್ ಸೇರಿಸಿದರೆ ಸ್ಕೂಲಿಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ತುಂಬಿತು. ಎರಡು ಸೈನ್ಸ್ ಲ್ಯಾಬ್ ಒಟ್ಟಿಗೆ ತಗೊಂಡು ಬೇಗ ಮುಗಿಸೋಣ ಅನ್ನಿಸುತ್ತದೆ. ದಯವಿಟ್ಟು ಮೊದಲ ಸೆಮಿಸ್ಟರಿನಲ್ಲಿ ಆ ಸಾಹಸ ಬೇಡ.

ಯಾಕೆ ಅಂದರೆ ಬಿಡುವುದಕ್ಕೂ ಬೆಲೆ ಇದೆ. ಸೆಮಿಸ್ಟರ್ ಶುರುವಾದ ಮೊದಲ ಕೆಲವು ವಾರಗಳ ಒಳಗೆ, ಅಂದರೆ ಕಾಲೇಜು ವಿದ್ಯಾರ್ಥಿಗಳ ಲೆಕ್ಕ ಹಿಡಿಯುವ ಸೆನ್ಸಸ್ ದಿನಕ್ಕೆ ಮುಂಚೆ ಬಿಟ್ಟರೆ ದಾಖಲೆಯಲ್ಲಿ ಏನೂ ಇರುವುದಿಲ್ಲ. ಆಮೇಲೆ ಬಿಟ್ಟರೆ ‘ಡಬ್ಲ್ಯು’ ಬೀಳುತ್ತದೆ. ‘ಡಬ್ಲ್ಯು’ನಿಂದ ಜಿಪಿಎ ಕೆಡುವುದಿಲ್ಲ, ನಿಜ. ಆದರೆ ಅದೂ ಒಂದು ಪ್ರಯತ್ನ ಅಂತ ಲೆಕ್ಕ. ಪಾಸಾಗದ ಕೋರ್ಸನ್ನು, ‘ಡಬ್ಲ್ಯು’ ಸೇರಿ, ಒಟ್ಟು ಮೂರು ಸಲ ಮಾತ್ರ ತಗೊಳ್ಳಬಹುದು. ಬಯಾಲಜಿ ಕೋರ್ಸುಗಳನ್ನು ಎಷ್ಟು ಸಲ ತಗೊಂಡಿದ್ದೀರಿ ಅಂತ ನೋಡಿ ಸೀಟು ಕೊಡುವ ನರ್ಸಿಂಗ್ ಪ್ರೋಗ್ರಾಮುಗಳೂ ಇವೆ. ಹಾಗೆಯೇ ‘ಸಿ’ ಬಂದು ಪಾಸಾದರೆ, ಗ್ರೇಡು ಚೆನ್ನಾಗಿಲ್ಲ ಅಂತ ಮತ್ತೆ ಓದಲು ಸಾಮಾನ್ಯವಾಗಿ ಬಿಡುವುದಿಲ್ಲ. ಅಂಕದ ಮೇಲೆ ಸೀಟು ಕೊಡುವ ಕಡೆ ಅನಾಟಮಿಯಲ್ಲಿ ಒಂದು ‘ಸಿ’ ಎಷ್ಟೋ ವರ್ಷ ಬೆನ್ನ ಹಿಂದೆ ಬರುತ್ತದೆ. ನಿಧಾನವಾಗಿ ಓದಿ ‘ಎ’ ತಗೊಂಡವರು, ಅವಸರ ಮಾಡಿದವರಿಗಿಂತ ಬೇಗ ಸೀಟು ಪಡೆದದ್ದನ್ನು ನಾನು ನೋಡುತ್ತಲೇ ಇದ್ದೇನೆ.

ಸೀಟಿನ ಬಗ್ಗೆ ಇನ್ನೊಂದು ಮಾತು. ಹೊಸಬರಿಗೆ ರಿಜಿಸ್ಟ್ರೇಷನ್ ದಿನ ತಡವಾಗಿ ಸಿಗುತ್ತದೆ. ಅಷ್ಟರಲ್ಲಿ ಅನಾಟಮಿ ತುಂಬಿರುತ್ತದೆ. ವೇಟ್‌ಲಿಸ್ಟಿಗೆ ಹೆಸರು ಹಾಕಿ, ಮೊದಲ ದಿನ ಕ್ಲಾಸಿಗೆ ಹೋಗಿ. ಮೊದಲ ದಿನ ಬಾರದವರನ್ನು ಪ್ರೊಫೆಸರ್ ಕೈಬಿಟ್ಟು, ವೇಟ್‌ಲಿಸ್ಟಿನವರಿಗೆ ಕ್ಲಾಸಿಗೆ ಸೇರಲು ಬೇಕಾದ ಆ್ಯಡ್ ಕೋಡ್ ಕೊಡುವುದು ಸಾಮಾನ್ಯ. ಹೆಸರಿನ ಮುಂದೆ 6 ಅಂತ ನೋಡಿ ಮನೆಯಲ್ಲೇ ಉಳಿದವರು ಸೀಟು ಕಳೆದುಕೊಳ್ಳುತ್ತಾರೆ. ಆದರೆ ವೇಟ್‌ಲಿಸ್ಟಿಗೂ ಪ್ರಿರಿಕ್ವಿಸಿಟ್ ಕ್ಲಿಯರ್ ಆಗಿರಬೇಕು. ಆ ಕಾಗದಪತ್ರಕ್ಕೆ ವಾರಗಳು ಹಿಡಿಯುತ್ತವೆ. ಕೌನ್ಸೆಲರನ್ನು ಆಗಸ್ಟ್‌ನಲ್ಲಿ ನೋಡಲು ಬಂದರೆ ಉದ್ದ ಸಾಲು, ಅವಸರದ ಮಾತು. ಅಕ್ಟೋಬರಿನಲ್ಲೋ ಮಾರ್ಚಿನಲ್ಲೋ ಬಂದರೆ ನಿಮ್ಮ ಹಾಳೆಯನ್ನು ಸಾವಕಾಶವಾಗಿ ನೋಡಬಹುದು.

ಕೊನೆಯದು ವೀಸಾ. ಎಚ್-4ನಲ್ಲಿ ಓದಲು ಯಾವ ಅನುಮತಿಯೂ ಬೇಡ, ಪೂರ್ಣಾವಧಿಯೋ ಅರೆಕಾಲಿಕವೋ ನಿಮ್ಮಿಷ್ಟ. ಫೆಡರಲ್ ಧನಸಹಾಯ ಮಾತ್ರ ಸಿಗುವುದಿಲ್ಲ. ಓದಿದ ಮೇಲೆ ಲೈಸೆನ್ಸಿಗೂ ದಾರಿ ಇದೆ. ಕ್ಯಾಲಿಫೋರ್ನಿಯಾದ ಲೈಸೆನ್ಸ್ ಮಂಡಳಿಗಳು ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲದವರಿಂದ ಐಟಿಐಎನ್ ಎಂಬ ತೆರಿಗೆ ನಂಬರ್ ತಗೊಳ್ಳುತ್ತವೆ. ಆದರೆ ನರ್ಸ್ ಆಗಿ ಕೆಲಸ ಮಾಡಲು ವರ್ಕ್ ಪರ್ಮಿಟ್ ಬೇಕೇ ಬೇಕು. 2015ರಿಂದ ಕೆಲವು ಎಚ್-4ನವರಿಗೆ ಅದು ಸಿಗುತ್ತಿದೆ. ಮುಖ್ಯವಾಗಿ ಗಂಡನ ಐ-140 (ಗ್ರೀನ್ ಕಾರ್ಡಿಗಾಗಿ ಹಾಕುವ ಅರ್ಜಿ) ಮಂಜೂರಾಗಿರಬೇಕು, ಅಥವಾ ಅವರ ಎಚ್-1ಬಿ ಆರು ವರ್ಷ ದಾಟಿ ವಿಸ್ತರಣೆ ಆಗಿರಬೇಕು. ನಿಮ್ಮ ಮನೆಯಲ್ಲಿ ಇದು ಯಾವ ಹಂತದಲ್ಲಿದೆ ಅಂತ ನೀವು ಬರೆದಿಲ್ಲ. ಪ್ರಿರಿಕ್ವಿಸಿಟ್‌ಗೆ ಎರಡು ವರ್ಷದ ಹತ್ತಿರ, ಸೀಟು ಸಿಕ್ಕ ಮೇಲೆ ನರ್ಸಿಂಗ್ ಎರಡು ವರ್ಷ, ಮಧ್ಯೆ ಕಾಯುವುದು ಬೇರೆ. ಅಂದರೆ ನಾಲ್ಕು ವರ್ಷಕ್ಕಿಂತ ಮೇಲೆಯೇ. ಅಷ್ಟರಲ್ಲಿ ಗಂಡನ ಕೆಲಸ ಬದಲಾದರೆ, ಹೋದರೆ, ನಿಮ್ಮ ವೀಸಾ ಸ್ಥಿತಿಯೂ ಬದಲಾಗುತ್ತದೆ. ಇದನ್ನು ಇಬ್ಬರೂ ಕೂತು ಈಗಲೇ ಮಾತಾಡಿ. ಬೇಕಿದ್ದರೆ ಇಮಿಗ್ರೇಷನ್ ವಕೀಲರೊಬ್ಬರನ್ನು ಒಮ್ಮೆ ನೋಡಿ. ಈ ಪ್ರಶ್ನೆಗೆ ಕಾಲೇಜಿನ ಕೌನ್ಸೆಲರ್ ಉತ್ತರ ಸಾಲದು.

ಈ ವಾರ ಮಾಡಬೇಕಾದದ್ದು ಇಷ್ಟು: ರೆಸಿಡೆನ್ಸಿ ಸರಿ ಇದೆಯಾ ನೋಡಿ, ಊರಿಗೆ ಫೋನ್ ಮಾಡಿ ಸಿಲಬಸ್ ಹುಡುಕಿಸಿ, ನಾಲ್ಕು ಕಾಲೇಜುಗಳ ನರ್ಸಿಂಗ್ ಪುಟ ತೆಗೆದು ಕೆಮಿಸ್ಟ್ರಿ ಮತ್ತು ರೀಸೆನ್ಸಿ ಸಾಲುಗಳಿಗೆ ಗುರುತು ಹಾಕಿ. ಕೌನ್ಸೆಲರ್ ಅಪಾಯಿಂಟ್‌ಮೆಂಟ್ ಅದಾದ ಮೇಲೆ.